ಹಸಿರು ಚೌಕಕ್ಕೆ ಹೊತ್ತಿನ ಅರಿವಿಲ್ಲ

ಕುರಿರೋಗದ ಸುದ್ದಿಯನ್ನು ನಮ್ಮ ಮೊಬೈಲಿನ ಮುಖಕ್ಕೇ ತಂದು ಕೂರಿಸಿದ ಮಾನ್ಯ ಅಧಿಕಾರಿಗಳೇ,

ಫೋನಿನ ಪರದೆಯ ಮೇಲೇ ಕೂರುವ ನಿಮ್ಮ ಬಣ್ಣದ ಚೌಕ, ಅದೇ ವಿಜೆಟ್, ಅದನ್ನು ನಂಬಿ ನಮ್ಮ ಹಟ್ಟಿಯ ಕ್ಯಾತಮ್ಮ ಅರ್ಧ ಮಂದೆ ಕಳೆದುಕೊಂಡಿದ್ದಾಳೆ. ಅದನ್ನು ಆಕೆಯ ಫೋನಿಗೆ ಹಾಕಿಕೊಟ್ಟವನು ನಾನು. ಆದ್ದರಿಂದ ಈ ಪತ್ರದ ಬೈಗುಳದಲ್ಲಿ ಅರ್ಧ ನನಗೇ ಸೇರಬೇಕು.

ಆ್ಯಪ್ ತೆರೆಯುವುದೇ ಬೇಡ, ಹೋಗಬೇಕಾದ ಹೋಬಳಿಯ ಚೌಕ ಪರದೆಯ ಮೇಲೆ ಹಸಿರಾಗಿದ್ದರೆ ಅಲ್ಲಿ ರೋಗವಿಲ್ಲ, ಕೆಂಪಾಗಿದ್ದರೆ ಇದೆ ಎಂದು ನೀವು ಹೇಳಿದಿರಿ. ನಾನು ಕಥೆ ಹೇಳುವವನು, ಇನ್ನಷ್ಟು ಬಣ್ಣ ಕಟ್ಟಿದೆ. "ಇನ್ಮೇಲೆ ದಾರೀಲಿ ಸಿಕ್ಕೋರ್ನೆಲ್ಲ ಕೇಳ್ಕಂಡು ನಿಲ್ಬೇಡ್ರಿ, ಇದೇ ಹೇಳ್ತೈತೆ" ಎಂದೆ. ಎದುರು ಮಂದೆ ಸಿಕ್ಕರೆ "ಆ ಕಡೆ ಹೆಂಗೈತಪ್ಪ?" ಎಂದು ಕೇಳದೆ ಮುಂದೆ ಹೋದವರಲ್ಲ ನಮ್ಮ ಕುರಿಗಾರರು. ಉತ್ತರವೂ ಹೊತ್ತಿನ ಸಮೇತ ಬರುತ್ತಿತ್ತು: "ನಿನ್ನೆ ಸಂಜೆಗಂಟ ಚೆನ್ನಾಗಿತ್ತು, ಇವತ್ತಿಂದು ಗೊತ್ತಿಲ್ಲ."

ಆ ದಿನ ರಾಂಪುರ ಹೋಬಳಿಯ ದಾರಿಯಲ್ಲಿ ಚಿಕ್ಕೀರಪ್ಪ ತನ್ನ ಮಂದೆಯೊಂದಿಗೆ ಎದುರಾಗಿ, "ಅಕ್ಕಾ, ಅತ್ಲಾಗೆ ಹೋಗ್ಬೇಡ, ನೀಲಿನಾಲಿಗೆ ರೋಗ ಬಂದೈತೆ" ಎಂದನಂತೆ. ಕ್ಯಾತಮ್ಮ ಫೋನ್ ಎತ್ತಿ ತೋರಿಸಿದಳಂತೆ. "ಹೋಗೋ, ನಿಂಗೆ ಹುಲ್ಲು ಉಳಿಸ್ಕಣೋ ಆಸೆ. ನೋಡಿಲ್ಲಿ, ಹಸ್ರು ಐತೆ!" ಎಂದು ಮಂದೆಯನ್ನು ಅತ್ತಲೇ ಹೊಡೆದಳಂತೆ.

ಆ ಹಸಿರು ಯಾವತ್ತಿನದೋ. ವಿಜೆಟ್ ಬೇಕೆಂದಾಗಲೆಲ್ಲ ಹೊಸ ಸುದ್ದಿ ತರಲಾರದು, ಬ್ಯಾಟರಿ ಉಳಿಸಲು ಫೋನೇ ಅದರ ಕೈ ಕಟ್ಟುತ್ತದೆ, ಸಿಗ್ನಲ್ ಇಲ್ಲದ ಕಡೆ ಹಳೆಯ ಬಣ್ಣವೇ ನಿಂತಿರುತ್ತದೆ ಎಂದು ನಿಮ್ಮ ಸಹಾಯವಾಣಿಯ ಹೆಣ್ಣುಮಗಳು ತಾಳ್ಮೆಯಿಂದ ವಿವರಿಸಿದಳು. ಒಪ್ಪಿದೆ. ಯಂತ್ರಕ್ಕೂ ಮಿತಿ ಇರುತ್ತದೆ.

"ಹಂಗಾದ್ರೆ ಯಾವಾಗಿನ ಸುದ್ದಿ ಅಂತ ಬರೀಬೌದಿತ್ತಲ್ಲವ್ವ?"

"ಚೌಕ ಚಿಕ್ಕದು ಸಾರ್, ಜಾಗ ಸಾಲ್ಲಿಲ್ಲ."

ಮಾನ್ಯರೇ, ಅದೇ ಚೌಕದಲ್ಲಿ ನಿಮ್ಮ ಕಚೇರಿಯ ಲಾಂಛನ, ಅದರ ಕೆಳಗೆ 'ಸದಾ ನಿಮ್ಮೊಂದಿಗೆ' ಎಂಬ ಘೋಷಣೆ ಆರಾಮಾಗಿ ಕೂತಿವೆಯಲ್ಲ, ಅವಕ್ಕೆ ಜಾಗ ಎಲ್ಲಿ ಸಿಕ್ಕಿತು? ಸುಳ್ಳು ಕಥೆ ಹೇಳುವ ನಾನೂ 'ಒಂದಾನೊಂದು ಕಾಲದಲ್ಲಿ' ಎಂದೇ ಶುರುಮಾಡುತ್ತೇನೆ, ಇದು ಇವತ್ತಿನದಲ್ಲ ಎಂದು ಕೇಳುವವರಿಗೆ ಗೊತ್ತಾಗಲಿ ಅಂತ. ಸರ್ಕಾರದ ಸುದ್ದಿಗೆ ಅಷ್ಟು ಮರ್ಯಾದೆಯೂ ಬೇಡವೇ?

ಬೈಸಿಕೊಳ್ಳಲೆಂದೇ ಕ್ಯಾತಮ್ಮನ ಮನೆಗೆ ಹೋದೆ. "ನೀನೇನ್ ಮಾಡ್ತೀಯಪ್ಪ, ಒಳ್ಳೇದಕ್ಕೇ ಹಾಕ್ಕೊಟ್ಟೆ" ಎಂದು ಮಜ್ಜಿಗೆ ಕೊಟ್ಟಳು. ಆಮೇಲೆ ಅದೇ ಫೋನ್ ನನ್ನ ಮುಂದೆ ಹಿಡಿದಳು. "ಉಳಿದವನ್ನ ಎತ್ಲಾಗೆ ಹೊಡೀಲಿ? ನೋಡಿ ಹೇಳು."

ರಾಂಪುರದ ಚೌಕ ಆಗಲೂ ಹಸಿರಾಗಿಯೇ ಇತ್ತು.

ಘೋಷಣೆ ಅಳಿಸಿ, ಅಲ್ಲಿ ಸುದ್ದಿಯ ದಿನ, ಹೊತ್ತು ಬರೆಸಿ. ಸುದ್ದಿ ಹಳತಾದರೆ ಬಣ್ಣ ಹೋಗಿ 'ಗೊತ್ತಿಲ್ಲ' ಎಂದು ಬರಲಿ. ನಮ್ಮ ಕುರಿಗಾರರಿಗೆ ಹಾಗೆನ್ನಲು ನಾಚಿಕೆಯಿಲ್ಲ, ನಿಮಗೇಕೆ? ಅಲ್ಲಿಯವರೆಗೆ ಹಟ್ಟಿಯ ಫೋನುಗಳಿಂದ ಅದನ್ನು ಕಿತ್ತು ಹಾಕುವ ಕೆಲಸ, ಹಾಕಿಕೊಟ್ಟ ನನ್ನದೇ.

ಇಂತಿ,
ಈ ತಪ್ಪಿನಲ್ಲಿ ತಮ್ಮ ಪಾಲುಗಾರ,
ಮಾರುತೇಶ
ನಾಯಕನಹಟ್ಟಿ ಹೋಬಳಿ, ಚಳ್ಳಕೆರೆ ತಾಲ್ಲೂಕು