ಆ ಹುಡುಗಿ ಹೋದಳೋ ಇಲ್ಲವೋ

೧೫ ಜೂನ್, ರವಿವಾರ. ಬಸವಕಲ್ಯಾಣ.

ನರ್ಸಿಂಗ್ ಓದಲು ಕಲಬುರಗಿಗೆ ಹೋಗಲೇ ಎಂದು ಅವ್ವನನ್ನು ಕೇಳಿ ವಾರವಾಯಿತು. ಇವತ್ತೂ ಹೂಂ ಇಲ್ಲ, ಊಹೂಂ ಇಲ್ಲ. ಸಿನಿಮಾ ನೋಡಲು ಮಾತ್ರ ಹುಮನಾಬಾದಿನವರೆಗೂ ಬಂದಳು!

ನಿಜಾಮರ ಕಾಲದ ಕತೆ. ದೂರದ ಶಾಲೆಗೆ ಹೊರಟ ಹುಡುಗಿ ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾಳೆ, ತಾಯಿ ಬುತ್ತಿ ಕಟ್ಟಿ ಕೊಡುತ್ತಾಳೆ. ಅಲ್ಲಿಗೇ ಮುಗಿದುಹೋಯಿತು. ಜನ ರೇಗಿದರು. "ಹೋದ್ಲೋ ಇಲ್ಲೋ ಹೇಳ್ರಿ!" ಎಂದು ಹಿಂದಿನವರು ಪರದೆಗೇ ಕೂಗಿದರು. ವಾಪಸು ಬರುವಾಗ ಬಸ್ಸಿನಲ್ಲೂ ಅದೇ ಜಗಳ.

"ಅಪ್ಪ ಬಿಟ್ಟಿರಂಗಿಲ್ಲ ಬಿಡ್ರಿ," ಎಂದರು ಪಕ್ಕದ ಮನೆಯ ಅನ್ವರಿ ಚಾಚಿ. ನನಗೂ ಹಾಗೇ ಅನ್ನಿಸಿ ಮನಸ್ಸು ಮುದುಡಿತು.

ಕಿಟಕಿಯಾಚೆ ನೋಡುತ್ತಿದ್ದ ಅವ್ವ, "ಹೋಗ್ಯಾಳ," ಎಂದಳು.

"ನಿಮಗ ಹ್ಯಾಂಗ ಗೊತ್ತ್ರಿ?" ಎಂದರು ಚಾಚಿ.

"ಬುತ್ತಿ ನೋಡಲಿಲ್ಲೇನ್ರಿ? ಸಂಜಿಗಿ ತಿರುಗಿ ಬರೋ ಮಗಳಿಗಿ ಮೆತ್ತನ ರೊಟ್ಟಿ ಸಾಕಿತ್ತು. ಆಕಿ ಕಟ್ಟಿದ್ದು ಖಡಕ್ ರೊಟ್ಟಿ. ತಿಂಗಳಾದ್ರೂ ಕೆಡಂಗಿಲ್ಲ."



ಮನೆಗೆ ಬಂದು ಊಟವಾಗಿ ಎಷ್ಟೋ ಹೊತ್ತಾಯಿತು. ಅಡುಗೆಮನೆಯಲ್ಲಿ ಇನ್ನೂ ರೊಟ್ಟಿ ಬಡಿಯುವ ಸದ್ದು. ನೀರು ಕುಡಿಯುವ ನೆಪದಲ್ಲಿ ಹೋಗಿ ನೋಡಿದೆ. ಅವ್ವ ಒಲೆಯ ಸುತ್ತ ರೊಟ್ಟಿಗಳನ್ನು ಖಡಕ್ಕಾಗಲು ನಿಲ್ಲಿಸಿದ್ದಾಳೆ.

ಏನೂ ಕೇಳದೆ ಬಂದುಬಿಟ್ಟೆ.