ಮುಂದಿನ ಹಡಗು

ಮನೆಯಿಂದ, ಊಟದ ಮೇಜಿನ ಒಂದು ಮೂಲೆಯಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬೀ,

ಹೇಗಿದೀಯ ಕಂದಾ? ಹಸು ಒದ್ದ ಮೊಣಕಾಲಿನ ಊತ ಇಳೀತಾ? ದನದ ಡಾಕ್ಟರ್ ಆಗ್ತೀನಿ ಅಂತ ಓದೋಕೆ ಹೋದವಳು ದನದ ಕೈಲೇ ಒದೆ ತಿಂದು ಮಲಗಿದಾಳೆ ಅಂತ ನಿನ್ನಮ್ಮ ಹೇಳಿದಾಗ ನನಗೆ ಅಳೂನೂ ಬಂತು, ನಗೂನೂ ಬಂತು. ಮೂರು ಹೊತ್ತೂ ಬ್ರೆಡ್ಡೇ ತಿಂತೀಯಂತೆ. ಹಸುಗಳಿಗೆ ಏನೇನು ತಿನ್ನಿಸ್ಬೇಕು ಅಂತ ಅಷ್ಟು ದಪ್ಪ ಪುಸ್ತಕ ಓದ್ತೀಯಲ್ಲ, ಅದರಲ್ಲಿ ಕಾಲು ಭಾಗ ನಿನ್ನ ಹೊಟ್ಟೆಗೂ ಅನ್ವಯಿಸ್ಕೋ. ನನಗೇನು, ಗುಂಡುಕಲ್ಲಿನ ಹಾಗಿದೀನಿ. ಬೆಳಿಗ್ಗೆ ಎದ್ದಾಗ ಸೊಂಟ ಸ್ವಲ್ಪ ಗೊಣಗುತ್ತೆ, ಆಮೇಲೆ ನಾನೇ ಗೊಣಗೋಕೆ ಶುರು ಮಾಡೋದ್ರಿಂದ ಅದು ಸುಮ್ಮನಾಗುತ್ತೆ. ಫೋನ್ ಮಾಡೋದು ಬಿಟ್ಟು ಅಜ್ಜಿ ಯಾಕೆ ಕಾಗದ ಬರೆದ್ಲು ಅಂತ ಹುಬ್ಬೇರಿಸ್ಬೇಡ. ನಾನು ಫೋನ್ ಹಿಡಿದ ಕೂಡಲೇ ನಿನ್ನಜ್ಜ ಪಕ್ಕದಲ್ಲಿ ಬಂದು ಕೂತು "ಸ್ಪೀಕರ್ ಹಾಕು, ನನಗೂ ಕೇಳ್ಲಿ" ಅಂತಾರೆ. ಅವರಿಗೆ ಕೇಳಿಸಬಾರದ ಮಾತು ಸ್ವಲ್ಪ ಇದೆ.

ಮೂಲೆಯಿಂದ ಅಂತ ಬರೆದೆನಲ್ಲ, ಅದು ನಿಜ ಕಣೇ. ಮೇಜಿನ ಮಿಕ್ಕ ಭಾಗವೆಲ್ಲ ನಿನ್ನಜ್ಜನ ನಕ್ಷೆಗಳ ಪಾಲು. ತಟ್ಟೆ ತೊಡೆ ಮೇಲಿಟ್ಕೊಂಡು ಊಟ ಮಾಡೋ ಸ್ಥಿತಿ ನಮ್ಮದು. ನಿನಗೆ ಗೊತ್ತಲ್ಲ, ಬೇಸಿಗೆ ಮುಗಿಯೋದ್ರೊಳಗೆ ನಾವಿಬ್ಬರೂ ಪ್ರವಾಸ ಹೋಗೋದು ಅಂತ ಆಗಿದೆ. ಮೂರು ದಿನ ಕಾರಲ್ಲಿ ಬೆಟ್ಟದ ರಸ್ತೆ, ಆಮೇಲೆ ಬಂದರು ಸೇರಿ ದೊಡ್ಡ ಹಡಗು ಹತ್ತಿ ನಾಲ್ಕು ರಾತ್ರಿ ಬೆಟ್ಟಗಳ ನಡುವೆ ನುಗ್ಗಿರೋ ಸಮುದ್ರದಲ್ಲಿ. ಊರಲ್ಲಿರೋ ಜನ ಪ್ರವಾಸಕ್ಕೆ ಜಾಗ ಹುಡುಕ್ತಾರೆ, ಇವರು ಬೆಳಕು ಹುಡುಕ್ತಿದಾರೆ. ಮೊದಲನೇ ದಿನ ಸೂರ್ಯ ಹುಟ್ಟೋ ಹೊತ್ತಿಗೆ ಕಣಿವೆ ಸೇತುವೆ ಹತ್ತಿರ ಇರ್ಬೇಕಂತೆ. ಅಂದ್ರೆ ಕೋಳಿ ಕೂಗೋಕೆ ಮುಂಚೆ ನಾನೆದ್ದು ಗಾಡಿ ಓಡಿಸ್ಬೇಕು. ಗಾಡಿ ನಾನೇ ಓಡಿಸ್ಬೇಕು, ಇವರ ಕೈಗೆ ಸ್ಟೇರಿಂಗ್ ಕೊಟ್ರೆ ರಸ್ತೆ ಬಿಟ್ಟು ಮೋಡ ನೋಡ್ತಾರೆ. ನಮ್ಮ ಫೋಟೋ ಸ್ಟುಡಿಯೋ ವ್ಯಾನ್ ಕಾಲದಿಂದಲೂ ಡ್ರೈವರಮ್ಮ ನಾನೇ. ನಡುಮಧ್ಯಾಹ್ನದ ಬೆಳಕಿಗೆ ಇವರಿಟ್ಟಿರೋ ಹೆಸರು ಬೋಳು ಬಿಸಿಲು, ಆಗ ಮುಖಕ್ಕೂ ಕಳೆ ಇಲ್ಲ, ಬೆಟ್ಟಕ್ಕೂ ಕಳೆ ಇಲ್ಲ, ಆದ್ದರಿಂದ ಕಾರು ಓಡಿಸೋದು, ಊಟ, ನಿದ್ದೆ, ನನ್ನ ಜೊತೆ ಜಗಳ ಎಲ್ಲಾ ಆ ಬೋಳು ಬಿಸಿಲಲ್ಲೇ ಮುಗಿಸ್ಬೇಕಂತೆ. ನನ್ನ ನಕ್ಷೆ ಬೇರೆ. ಎಲ್ಲೆಲ್ಲಿ ಚೊಕ್ಕವಾದ ಬಾತ್‌ರೂಮ್ ಇದೆ ಅನ್ನೋದಷ್ಟೇ ಅದರಲ್ಲಿರೋದು.

ಹಡಗಿನ ರೂಮಿನ ಕಥೆ ಕೇಳು. ನನಗೆ ಲಿಫ್ಟ್ ಹತ್ತಿರ ಇರೋ, ಎಂಜಿನ್ ಸದ್ದು ಕೇಳದ ರೂಮ್ ಬೇಕು ಅಂದೆ. ಇವರಿಗೆ ಸಂಜೆ ಬಿಸಿಲು ಬೆಟ್ಟದ ಮೇಲೆ ಬೀಳೋದು ಕಾಣೋ ರೂಮ್ ಬೇಕು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಟಿಕೆಟ್ ಆಫೀಸಿನಲ್ಲಿ ಕೌಂಟರ್ ಹುಡುಗಿ ಎದುರಿಗೆ ದಿಕ್ಸೂಚಿ ಇಟ್ಕೊಂಡು ಕೂತ್ರು ನೋಡು ನಿನ್ನಜ್ಜ! "ಹಡಗು ಹೊರಡೋವಾಗ ಮುಖ ಯಾವ ಕಡೆಗಿರುತ್ತಮ್ಮಾ? ತಿರುಗೋದು ಎಲ್ಲಿ? ತಿರುಗಿದ ಮೇಲೆ ಎಡಗಡೆ ರೂಮಿನೋರಿಗೆ ಏನು ಕಾಣುತ್ತೆ?" ಪಾಪ, ಅವಳು ಹಡಗಿನ ಆಫೀಸಿಗೇ ಫೋನ್ ಮಾಡಿ ಕೇಳಿದ್ಲು. ನಮ್ಮ ಹಿಂದೆ ಸಾಲಲ್ಲಿ ನಿಂತಿದ್ದೋರು ಒಬ್ಬೊಬ್ಬರಾಗಿ ಕುರ್ಚಿ ಹುಡುಕ್ಕೊಂಡು ಕೂತ್ರು. ಕೊನೆಗೆ ಎಡಗಡೆ ರೂಮೇ ಸಿಕ್ತು, ಎಂಜಿನ್ ಮೇಲೇ ಇದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಆ ರೂಮಿನ ಕಿಟಕಿಯಲ್ಲಿ ಕಾಣೋ ಫೋಟೋನ ಇವರು ಈಗಾಗಲೇ ಮನಸ್ಸಲ್ಲಿ ತೆಗೆದು, ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದಾಗಿದೆ.

ನಾನು ಎಷ್ಟೇ ಗೊಣಗಿದ್ರೂ ಈ ಹಡಗು ನನಗೆ ಬೇಕು ಗುಬ್ಬಿ. ಯಾಕೆ ಅಂತ ನಿನ್ನಮ್ಮನಿಗೆ ಗೊತ್ತು, ನಿನಗೆ ಹೇಳಿದ ನೆನಪಿಲ್ಲ. ಸ್ಟುಡಿಯೋದಲ್ಲಿ ಗಲ್ಲಾ ಮೇಲೆ ಒಂದು ಫೋಟೋ ಇತ್ತಲ್ಲ, ಬಂದರಿನ ಖಾಲಿ ಕಟ್ಟೆ, ದೂರದಲ್ಲಿ ಹಡಗಿನ ಬೆನ್ನು, ಈಚೆ ಟ್ರಂಕಿನ ಮೇಲೆ ಬೆನ್ನು ಮಾಡಿ ಕೂತಿರೋ ಹೆಂಗಸು? "ಎಷ್ಟು ಚೆನ್ನಾಗಿದೆ, ಯಾರನ್ನೋ ಕಾಯ್ತಾ ಇದಾಳೆ" ಅಂತ ಬಂದ ಗಿರಾಕಿಗಳೆಲ್ಲ ಹೊಗಳ್ತಿದ್ರು. ಕಾಯ್ತಾ ಇರ್ಲಿಲ್ಲ ಕಣೇ, ಉರೀತಾ ಇದ್ಲು! ಅದು ನಾನು. ಮದುವೆಯಾದ ಹೊಸದರಲ್ಲಿ ಇವರು ನನ್ನನ್ನ ಹಡಗಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಬಂದರಿನವರೆಗೂ ಕರ್ಕೊಂಡು ಬಂದ್ರು. ಹತ್ತೋಕೆ ಮುಂಚೆ ಒಂದೇ ಒಂದು ಫೋಟೋ, ಆ ಮೋಡ ಒಂಚೂರು ಸರೀಲಿ ಅಂದ್ರು. ಮೋಡ ಸರೀಲಿಲ್ಲ, ಹಡಗು ಸರೀತು. ನಾನು ಟ್ರಂಕಿನ ಮೇಲೆ ಕೂತು ಮುಖ ತಿರುಗಿಸಿಕೊಂಡ್ರೆ, ಈ ಮಹಾನುಭಾವರು ಅದರದ್ದೂ ಫೋಟೋ ತೆಗೆದ್ರು! ಆಮೇಲೆ ಪಕ್ಕದಲ್ಲಿ ಕೂತು, "ಮುಂದಿನ ಹಡಗಿಗೆ ಹೋಗೋಣ ಬಿಡು" ಅಂದ್ರು. ಮುಂದಿನ ವಾರ ಯಾರದೋ ಮದುವೆಯ ಫೋಟೋ ಕೆಲಸ ಬಂತು, ಆಮೇಲೆ ನಿನ್ನಮ್ಮ ಹುಟ್ಟಿದ್ಲು, ಆಮೇಲೆ ನಿನ್ನ ಮಾವ, ಆಮೇಲೆ ಸ್ಕೂಲುಗಳ ಗ್ರೂಪ್ ಫೋಟೋ. ಆ ಮುಂದಿನ ಹಡಗು ಈಗ ಬಂದಿದೆ.

ಆ ಕೆಲಸದ ದಿನಗಳು ನೆನಪಾದ್ರೆ ಈಗಲೂ ಖುಷಿಯಾಗುತ್ತೆ. ನಾನು ಬೆಳ್ಳಿ ಕಾಗದ ಅಂಟಿಸಿದ ಹಲಗೆ ಎತ್ತಿ ಹಿಡಿದು ಮುಖದ ಮೇಲೆ ಬೆಳಕು ಬೀಳಿಸ್ಬೇಕು, ಇವರು ಕ್ಯಾಮೆರಾ ಹಿಂದೆ. ಮಿಕ್ಕ ಸ್ಟುಡಿಯೋದೋರು "ಸ್ವಲ್ಪ ನಗಿ" ಅಂತಿದ್ರು, ನಿನ್ನಜ್ಜ ಮಾತ್ರ ಎಂದೂ ಹಾಗೆ ಅಂದೋರಲ್ಲ. "ಈಗ ಉಸಿರು ಹಿಡೀರಿ" ಅಂತಿದ್ರು. ಮಕ್ಕಳು ಕೆನ್ನೆ ಊದಿಸ್ಕೊಂಡು ಬೋಂಡಾ ಆಗ್ತಿದ್ವು, ಅದನ್ನ ನೋಡಿ ದೊಡ್ಡೋರೆಲ್ಲ ತಾವಾಗೇ ನಗ್ತಿದ್ರು. ನೀನಂತೂ ಎರಡು ವರ್ಷದವಳಾಗಿದ್ದಾಗ, ಕ್ಯಾಮೆರಾ ಇಲ್ಲದೇ ಇದ್ರೂ ಅಜ್ಜನ್ನ ಕಂಡ್ರೆ ಸಾಕು, ಉಸಿರು ಹಿಡ್ಕೊಂಡು ನಿಂತುಬಿಡ್ತಿದ್ದೆ. ಎಷ್ಟೋ ವರ್ಷದ ಮೇಲೆ ನನಗೆ ಹೊಳೀತು, ಉಸಿರು ಹಿಡೀಬೇಕಾಗಿದ್ದು ಕೂತೋರಲ್ಲ, ಇವರು. ಕೈ ಅಲುಗಬಾರದು ಅಂತ ತಮಗೆ ತಾವೇ ಹೇಳ್ಕೊಳ್ಳೋ ಮಾತನ್ನ ಎಲ್ಲರಿಗೂ ಕೇಳೋ ಹಾಗೆ ಹೇಳ್ತಿದ್ರು ಅಷ್ಟೇ.

ಈಗ ನಿಜವಾದ ಸುದ್ದಿಗೆ ಬರ್ತೀನಿ. ಹಡಗು ಅಲುಗಾಡುವಾಗ ಫೋಟೋ ತೆಗೆಯೋ ಅಭ್ಯಾಸ ಬೇಕು ಅಂತ ಕಳೆದ ತಿಂಗಳು ನನ್ನನ್ನ ಪಾರ್ಕಿನ ಕೊಳಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ಬಾತುಕೋಳಿ ಆಕಾರದ ಪೆಡಲ್ ದೋಣಿಗಳಿವೆಯಲ್ಲ, ಅದರಲ್ಲಿ ನಾನು ತುಳಿಯೋದು, ಇವರು ಕ್ಲಿಕ್ ಮಾಡೋದು. ದಡದಲ್ಲಿದ್ದ ಕಾಲೇಜು ಹುಡುಗರು ಚಪ್ಪಾಳೆ ಹೊಡೆದ್ರು, ನಾನೂ ಕೈ ಬೀಸಿದೆ, ಬಿಡ್ತೀನಾ! ಮನೆಗೆ ಬಂದು ನೋಡಿದ್ರೆ ಒಂದು ಫೋಟೋನೂ ನೆಟ್ಟಗಿಲ್ಲ, ಎಲ್ಲಾ ಮಸುಕು. ದೋಣಿ ಅಲುಗಾಡಿದ್ದಕ್ಕೆ ಹಾಗಾಯ್ತು ಅಂದ್ರು. ಮಾರನೇ ದಿನ ಟೆರೇಸ್ ಮೇಲೆ ನಿಂತು ಪಕ್ಕದ ಮನೆಯ ಒಣಗೋ ಬಟ್ಟೆ ತೆಗೆದ್ರು, ಅದೂ ಮಸುಕು. ಗಾಳಿ ಅಂದ್ರು. ಆಮೇಲೆ ಗೋಡೆ ತೆಗೆದ್ರು. ಗೋಡೆ ಅಲುಗಾಡಲ್ಲವಲ್ಲ, ಆದ್ದರಿಂದ ಲೆನ್ಸ್ ಕೆಟ್ಟಿದೆ ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಲೆನ್ಸ್ ರಿಪೇರಿಯವರನ್ನ ನಾವು ಲೆನ್ಸ್ ಡಾಕ್ಟರು ಅಂತೀವಲ್ಲ, ಅವರು ಹದಿನೈದು ದಿನದ ಹಿಂದೆ ತರಕಾರಿ ಅಂಗಡಿ ಮುಂದೆ ಸಿಕ್ಕಿದ್ರು. ನನ್ನನ್ನ ಪಕ್ಕಕ್ಕೆ ಕರೆದು, "ಅಮ್ಮಾ, ಸಾರ್ ಮತ್ತೆ ಮತ್ತೆ ತರ್ತಾ ಇದಾರೆ. ಲೆನ್ಸಿಗೆ ಏನೂ ಆಗಿಲ್ಲ. ನಾನು ಹೇಗೆ ಹೇಳ್ಲಿ?" ಅಂದ್ರು. ಪಾಪ, ಅವರ ಕಣ್ಣಲ್ಲಿ ನೀರಿತ್ತು. ಹೇಳ್ಬೇಡಿ ಬಿಡಿ ಅಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನನಗೆ ಗೊತ್ತಿತ್ತು ಗುಬ್ಬಿ. ಚಹಾನ ಅರ್ಧ ಲೋಟ ಮಾತ್ರ ಹಾಕು ಅಂತಾರೆ ಈಚೆಗೆ, ಎರಡೂ ಕೈಲಿ ಹಿಡ್ಕೋತಾರೆ. ಅಂಗಿ ಗುಂಡಿ ಹಾಕೋವಾಗ ಕಿಟಕಿ ಕಡೆ ತಿರುಗಿ ನಿಲ್ತಾರೆ. ಡಾಕ್ಟರ ಹತ್ತಿರ ನಾನೇ ಹೋಗಿ ಕೇಳಿದೆ, ವಯಸ್ಸಿಗೆ ಬರೋ ನಡುಕ ಇರಬಹುದು, ಕರ್ಕೊಂಡು ಬನ್ನಿ ನೋಡೋಣ, ಹೆದರ್ಬೇಡಿ ಅಂದ್ರು. ಇವರು ಬರ್ಬೇಕಲ್ಲ! ಈಗಿನ ಹೊಸ ಕ್ಯಾಮೆರಾಗಳು ಅಲುಗಾಟನ ತಾವೇ ಸರಿ ಮಾಡ್ಕೋತವಂತೆ ಅಂತ ಹಾಗೇ ಮಾತಿಗೆ ಅಂದು ನೋಡಿದೆ. "ಆಗ ಫೋಟೋ ತೆಗೆಯೋದು ನಾನಾ, ಅದಾ?" ಅಂದ್ರು.

ಆ ಹುಟ್ಟುಹಬ್ಬದ ದಿನ ನೆನಪಿದೆಯಾ? ನಿನ್ನ ಮಾವನ ಮಗ ಕೇಕ್ ಕತ್ತರಿಸೋವಾಗ ಅಜ್ಜ ತಡ ಮಾಡ್ತಿದ್ರು ಅಂತ, "ಕೊಡಿ ಅಜ್ಜ, ನಾನು ತೆಗೀತೀನಿ" ಅಂತ ನೀನು ಕೈಯಿಂದ ಕ್ಯಾಮೆರಾ ತಗೊಂಡೆ. ಪ್ರೀತಿಯಿಂದಲೇ ತಗೊಂಡೆ, ನನಗೆ ಗೊತ್ತು, ಅವರಿಗೂ ಗೊತ್ತು. ಅಜ್ಜನಿಗೆ ಸಿಟ್ಟು ಬಂದಿದೆ ಅಂತ ನೀನು ಆಮೇಲೆ ಅತ್ತುಬಿಟ್ಟೆಯಲ್ಲ, ಅದು ಸಿಟ್ಟಲ್ಲ ಕಂದಾ, ಹೆದರಿಕೆ. ನಿನಗೆ ಕಾಣಿಸ್ತೋ ಏನೋ ಅನ್ನೋ ಹೆದರಿಕೆ.

ಹೋದ ವಾರ ಲೆನ್ಸ್ ವಾಪಸ್ ತಂದು ಕಪಾಟಲ್ಲಿಟ್ಟು, "ಲೆನ್ಸ್ ಸರಿಹೋಗಲ್ಲವಂತೆ, ಬರೀ ಕೈಲಿ ಹೋಗಿ ಏನು ಮಾಡೋದು, ಟಿಕೆಟ್ ವಾಪಸ್ ಕೊಟ್ಟುಬಿಡೋಣ" ಅಂದ್ರು. ನಕ್ಷೆಗಳನ್ನ ಒಂದೊಂದಾಗಿ ಮಡಚಿದ್ರು. ಮಡಿಕೆ ಸರಿಯಾಗಿ ಕೂರ್ಲಿಲ್ಲ, ನಾನು ನೋಡದ ಹಾಗೆ ಇದ್ದೆ. ಮೇಜು ಖಾಲಿಯಾಗ್ಲಿ ಅಂತ ಎರಡು ತಿಂಗಳಿಂದ ಬಾಯಿ ಬಡ್ಕೊಂಡಿದ್ದೆ, ಖಾಲಿಯಾದ ಮೇಲೆ ನೋಡೋಕಾಗ್ಲಿಲ್ಲ. ನನಗೆ ಬೆಟ್ಟ ಬೇಡ, ಸಮುದ್ರ ಬೇಡ. ಎದುರಿಗೆ ಒಳ್ಳೆ ಬೆಳಕು ಬಿದ್ದಿರುವಾಗ ಈ ಮನುಷ್ಯ ಮುಖ ತಿರುಗಿಸಿಕೊಂಡು ಕೂರಬಾರದು, ಅಷ್ಟೇ ನನ್ನ ಆಸೆ. ಅವರ ಆ ಕೈ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಈ ವಯಸ್ಸಲ್ಲಿ ಬಾಯಿಬಿಟ್ಟು ಹೇಳೋಕೆ ನಾಚಿಕೆ, ನಿನಗೆ ಹೇಳ್ತಿದೀನಿ. ಹಾಗಾದ್ರೆ ಮೇಜಿನ ಮೇಲೆ ನಕ್ಷೆ ಮತ್ತೆ ಹೇಗೆ ಬಂತು ಅಂತ ಕೇಳ್ತೀಯ, ನೀನು ಜಾಣೆ. ಇವರು ಇಲ್ಲೇ ಓಡಾಡ್ತಿದಾರೆ, ಅದನ್ನ ಕೊನೆಗೆ ಬರೀತೀನಿ.

ಕಾಲಿಗೆ ಬಿಸಿನೀರಿನ ಶಾಖ ಕೊಡು. ಹಸುವಿನ ಹಿಂದೆ ನಿಲ್ಬೇಡ, ಪರೀಕ್ಷೆಗೆ ಓದು, ಬ್ರೆಡ್ ಬಿಟ್ಟು ಬೇರೇನಾದ್ರೂ ತಿನ್ನು. ನೂರು ಕಾಲ ನಗ್ತಾ ಬಾಳು ನನ್ನ ಬಂಗಾರ.

ನಿನ್ನ ಗೊಣಗು ಅಜ್ಜಿ

ಮರೆತೆ ಅನ್ಕೋಬೇಡ, ಇವರು ಸ್ನಾನಕ್ಕೆ ಹೋಗ್ಲಿ ಅಂತ ಕಾಯ್ತಿದ್ದೆ. ನೀರಿನ ಸದ್ದು ನಿಲ್ಲೋದ್ರೊಳಗೆ ಬರೀಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಒಂದೇ ಸುಳ್ಳು ಹೇಳಿದೀನಿ. "ಗುಬ್ಬಿ ಫೋನ್ ಮಾಡಿದ್ಲು, ಫೋಟೋ ತೆಗೆಯೋದು ಸರಿಯಾಗಿ ಕಲೀಬೇಕಂತೆ, ಹಡಗಿಗೆ ನಾನೂ ಬರ್ಲಾ, ಅಜ್ಜ ಕಲಿಸ್ತಾರಾ ಕೇಳಿ ನೋಡು ಅಂದ್ಲು" ಅಂತ. ಕೇಳಿ, ಚಹಾ ಕುಡಿದು ಎದ್ದು ಹೋದ್ರು. ಬೆಳಿಗ್ಗೆ ನೋಡ್ತೀನಿ, ನಕ್ಷೆ ಮತ್ತೆ ಮೇಜಿನ ಮೇಲೆ! ಟಿಕೆಟ್ ಆಫೀಸಿಗೆ ಹೋಗಿ ಆ ಪಾಪದ ಹುಡುಗಿ ಹತ್ತಿರ ಮೂರನೇ ಹಾಸಿಗೆ ಹಾಕಿಸ್ಕೊಂಡು ಬಂದಿದಾರೆ, ತಿಂಗಳ ಕೊನೆಯೊಳಗೆ ಹೆಸರು ಕೊಡ್ಬೇಕಂತೆ. ಕ್ಯಾಮೆರಾನ ಕುತ್ತಿಗೆಗೆ ಹಾಕ್ಕೊಳ್ಳೋಕೆ ಹೊಸ ಪಟ್ಟಿ ತಂದಿದಾರೆ. "ಗುಬ್ಬಿ ಈಗ ನನ್ನ ಭುಜಕ್ಕೆ ಬರ್ತಾಳಾ, ಕಿವಿಗೆ ಬರ್ತಾಳಾ?" ಅಂತ ನನ್ನನ್ನ ಕೇಳಿ ಕೇಳಿ ಪಟ್ಟಿಯ ಉದ್ದ ಸರಿ ಮಾಡ್ತಿದಾರೆ. ಅದಕ್ಕೆ ನೀನು ಈ ಸುಳ್ಳನ್ನ ನಿಜ ಮಾಡ್ಬೇಕು. ಈ ಕಾಗದ ಸಿಕ್ಕ ದಿನವೇ ಅಜ್ಜನಿಗೇ ಬರಿ, ನನಗಲ್ಲ. ಸಹಾಯಕ್ಕೆ ಬರ್ತೀನಿ ಅಂತ ಮಾತ್ರ ಅಪ್ಪಿತಪ್ಪಿಯೂ ಬರೀಬೇಡ, ಕಲಿಯೋಕೆ ಬರ್ತೀನಿ ಅಂತ ಬರಿ. ಅಲ್ಲಿ ಹೋದ ಮೇಲೆ ಕ್ಯಾಮೆರಾ ಅವರಾಗೇ ಕೊಡೋವರೆಗೂ ಕೈ ಚಾಚಬೇಡ, ಎಷ್ಟು ಹೊತ್ತಾದ್ರೂ ಸರಿ, ನಾನು ಒಂದು ಹಡಗನ್ನೇ ಬಿಟ್ಟು ಕಾದಿದೀನಿ. ಕೊಟ್ಟೇ ಕೊಡ್ತಾರೆ. ನೀರು ನಿಂತಿತು, ಬರ್ತಿದಾರೆ. ಕೊಟ್ಟಾಗ ಕಣ್ಣಿಗೆ ಹಿಡ್ಕೊಂಡು, ಗೊತ್ತಿದ್ರೂ ಗೊತ್ತಿಲ್ಲದವಳ ಹಾಗೆ ಒಂದೇ ಒಂದು ಮಾತು ಕೇಳು: "ಅಜ್ಜಾ, ಉಸಿರು ಯಾವಾಗ ಹಿಡೀಲಿ?"