ನಲವತ್ತೊಂದೂ ಅಮ್ಮನ ಹೆಸರಲ್ಲಿ

ಅಂಗಡಿಯಿಂದ,
ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ಸಲ ಬರೆದಾಗ ಸಮುದ್ರ ಏಳುತ್ತಿದೆ, ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ ಎಂದಿದ್ದೆ. ಇಷ್ಟು ವರ್ಷ ಹಡಗಿನಲ್ಲಿ ಕೇಬಲ್ ಇಳಿಸಿದರೂ ನಿನ್ನ ಹೊಟ್ಟೆಗೆ ನೀರಿನ ಅಭ್ಯಾಸವಾಗಿಲ್ಲ ಎಂದು ಅಮ್ಮ ನಕ್ಕಳು, ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಸರಿಯಾಗಿ ಊಟ ಮಾಡು. ಕೈಗೆ ಗ್ಲೌಸು ಹಾಕದೆ ಕೆಲಸ ಮಾಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕೆಂದು ಮೂರು ಸಲ ಪೆನ್ನು ಹಿಡಿದೆ. ಬರೆಯಲಾಗಲಿಲ್ಲ. ನನಗೆ ತುಂಬಾ ಹೆದರಿಕೆಯಾಗಿದೆ ಅಣ್ಣಾ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯವೂ ಇಲ್ಲ. ಬೀದಿಗೆಲ್ಲ ಇಂಟರ್‌ನೆಟ್ ಎಳೆದುಕೊಟ್ಟವಳು ತನ್ನ ಕಷ್ಟ ಹೇಳಿಕೊಳ್ಳಲು ಕಾಗದ ಹುಡುಕಿಕೊಂಡು ಕೂತಿದ್ದಾಳೆ, ನಗುವುದಿದ್ದರೆ ಈಗಲೇ ನಕ್ಕುಬಿಡು. ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಹಳೇ ಗೋದಾಮು ನಿನಗೆ ನೆನಪಿದೆಯಲ್ಲ? ನೀನು ಹೋದ ಮೇಲೆ ಅದರೊಳಗೆ ಹಲಗೆ ಹೊಡೆದು ಕೋಣೆಗಳನ್ನು ಮಾಡಿ ಬಾಡಿಗೆಗೆ ಬಿಟ್ಟರು. ಇಸ್ತ್ರಿಯವರು, ಬೇಕರಿಯಲ್ಲಿ ಹಿಟ್ಟು ನಾದುವವರು, ಆಸ್ಪತ್ರೆಯ ಆಯಾಗಳು, ಎಲ್ಲರೂ ಅಲ್ಲಿದ್ದಾರೆ. ಅಷ್ಟೂ ಕೋಣೆಗೆ ಬಾಗಿಲ ನಂಬರು ಒಂದೇ. ಮಾಲೀಕ ಯಾರಿಗೂ ಒಂದು ಚೂರು ಕಾಗದ ಬರೆದುಕೊಡುವುದಿಲ್ಲ. ಕಂಪನಿ ಬ್ರಾಡ್‌ಬ್ಯಾಂಡ್ ಕೊಡಬೇಕಾದರೆ ವಿಳಾಸದ ಕಾಗದ ಬೇಕೇ ಬೇಕು. ಇತ್ತ ಆಯಾಗೆ ದೂರದಲ್ಲಿರುವ ಮಗಳ ಮುಖ ನೋಡಬೇಕು, ಇಸ್ತ್ರಿಯವನ ಹೆಂಡತಿಗೆ ನರ್ಸಿಂಗ್ ಪರೀಕ್ಷೆ ಕಟ್ಟಬೇಕು. ಕಂಪನಿಯ ಸೂಪರ್‌ವೈಸರ್ ಒಬ್ಬರಿದ್ದಾರೆ, ಬಾಯಿ ತೆರೆದರೆ ಟಾರ್ಗೆಟ್, ಅದಕ್ಕೆ ನಾವು ಟಾರ್ಗೆಟ್ ಸಾಹೇಬರು ಎನ್ನುತ್ತೇವೆ. ಅವರು ಮೀಟಿಂಗಿನಲ್ಲಿ ಗೋಡೆ ತುಂಬ ಒಂದು ಚಿತ್ರ ತೋರಿಸಿದರು. ಶ್ರೀಮಂತ ದೇಶಗಳ ಗೆರೆ ಚಪ್ಪಟೆ ಮಲಗಿತ್ತು, ನಮ್ಮಂಥ ದೇಶಗಳ ಗೆರೆ ಮೇಲೆ ಮೇಲೆ ಹತ್ತುತ್ತಿತ್ತು. ಇನ್ನು ಮಾರುಕಟ್ಟೆ ಬೆಳೆಯೋದು ನಿಮ್ಮ ಬೀದಿಗಳಲ್ಲೇ ಕಣ್ರೀ ಎಂದರು. ನಾನು ಗೋದಾಮಿನ ಕಥೆ ಹೇಳಿದೆ. ಅವರು ಪಕ್ಕಕ್ಕೆ ಕರೆದು, "ಯಾರ ಹೆಸರಾದ್ರೂ ಹಾಕಮ್ಮ, ಬಾಕ್ಸಲ್ಲಿ ಲೈಟ್ ಹತ್ತಿದ್ರೆ ಸಾಕು" ಎಂದರು. ಮನೆಯ ಪತ್ರ ಇರುವುದು ಅಮ್ಮನ ಹೆಸರಿನಲ್ಲಿ. ಹಾಗಾಗಿ ಅಮ್ಮನ ಹೆಸರು ಹಾಕಿದೆ. ಒಂದಲ್ಲ, ಎರಡಲ್ಲ, ನಲವತ್ತೊಂದು. ಪ್ರತಿ ಸಲ ಕಂಪನಿಯ ಗುರುತಿನ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತುವಾಗ ಅಮ್ಮ ಸೋಪಿನ ಕೈ ಒರೆಸಿಕೊಂಡು "ಇನ್ನೊಂದಾ?" ಎನ್ನುತ್ತಿದ್ದಳು. ನಿನ್ನ ಫೋನು ಬಂದರೆ ಯಾವ ಕಡೆ ಕಿವಿಗಿಡಬೇಕೆಂದು ಗೊತ್ತಾಗದ ನಮ್ಮಮ್ಮ ಕಾಗದದ ಪ್ರಕಾರ ಈ ಊರಿನ ಅತಿ ದೊಡ್ಡ ಇಂಟರ್‌ನೆಟ್ ಗ್ರಾಹಕಿ. ಆ ಹತ್ತುವ ಗೆರೆಯಲ್ಲಿ ಅವಳ ಹೆಬ್ಬೆಟ್ಟು ನಲವತ್ತೊಂದು ಸಲ ಇದೆ.

ಎಲ್ಲವೂ ಒಂದೇ ಹೆಸರಿನಲ್ಲಿದ್ದರೆ ಯಾವ ತಂತಿ ಯಾವ ಕೋಣೆಗೆ ಹೋಗುತ್ತದೆಂದು ಕಂಬದ ಮೇಲೆ ಗುರುತು ಸಿಗಬೇಕಲ್ಲ? ಉಪಾಯ ಅಮ್ಮನದೇ. ಗೋದಾಮಿನವರೆಲ್ಲ ಬಟ್ಟೆ ಹೊಲಿಸುವುದು, ಉದ್ದವಾದದ್ದನ್ನು ಮೋಟು ಮಾಡಿಸುವುದು ಅವಳ ಹತ್ತಿರ. ಆಯಾಳ ನೀಲಿ ಕೋಟಿನಿಂದ ಉಳಿದ ಚಿಂದಿಯನ್ನು ಆಯಾಳ ತಂತಿಗೆ ಕಟ್ಟು, ಬೇಕರಿಯವನ ಏಪ್ರನ್ನಿನ ಚಿಂದಿ ಅವನ ತಂತಿಗೆ ಎಂದಳು. ಅದೇ ಬಟ್ಟೆಯ ಇನ್ನೊಂದು ತುಂಡನ್ನು ಒಂದು ಪುಸ್ತಕದ ಪುಟಕ್ಕೆ ಪಿನ್ನು ಮಾಡಿ, ಕೆಳಗೆ ರೂಟರ್ ಬಾಕ್ಸಿನ ನಂಬರು ಬರೆದಿಟ್ಟೆ. ಯಾರ ಹೆಸರನ್ನೂ ಬರೆಯಲಿಲ್ಲ. ಪುಸ್ತಕ ಅಮ್ಮನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ದಾರದುಂಡೆಗಳ ಕೆಳಗಿದೆ. ಏಣಿ ಹತ್ತಿ ಚಿಂದಿ ಹುಡುಕುವಾಗ ನೀನು ನೋಡಬೇಕಿತ್ತು, ಕಂಬವೇ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡ ರಸ್ತೆಯ ಶಾಲೆಗೆ ಹೋದ ಸೋಮವಾರ ಒಂದು ಇಮೇಲ್ ಬಂತು. ಶಾಲೆ ತೆರೆದರೆ ಒಂದು ಮಗುವೂ ಮನೆಗೆ ವಾಪಸು ಹೋಗುವುದಿಲ್ಲ ಎಂದು ಅದರಲ್ಲಿತ್ತಂತೆ. ಮಕ್ಕಳು ಚಪ್ಪಲಿ, ಚೀಲ ಎಲ್ಲ ಬಿಟ್ಟು ಬೀದಿಗೆ ಓಡಿಬಂದರು. ತಾಯಂದಿರು ಅಡುಗೆಮನೆಯಿಂದ ಹಾಗೇ ಎದ್ದು ಓಡಿದರು. ಒಂದು ಪುಟ್ಟ ಹುಡುಗಿ ನಮ್ಮ ಅಂಗಡಿಯ ಬೆಂಚಿನ ಕೆಳಗೆ ಹೊಕ್ಕು ಕೂತುಬಿಟ್ಟಿತ್ತು, ಅಮ್ಮ ಮೇಲಿನ ಮನೆಯಿಂದ ಇಳಿದು ಬಂದು ಎತ್ತಿಕೊಳ್ಳುವವರೆಗೆ ಹೊರಗೆ ಬರಲಿಲ್ಲ. ಶಾಲೆ ಇನ್ನೂ ತೆರೆದಿಲ್ಲ. ನಿನ್ನೆ ಕಂಪನಿಯಿಂದ ಅಮ್ಮನ ಹೆಸರಿಗೆ ರಿಜಿಸ್ಟರ್ಡ್ ಕಾಗದ ಬಂತು. ಗೌರವಾನ್ವಿತ ಗ್ರಾಹಕರೇ ಎಂದು ಶುರುವಾಗಿ, ತಮ್ಮ ಹೆಸರಿನಲ್ಲಿರುವ ನಲವತ್ತೊಂದು ಸಂಪರ್ಕಗಳಲ್ಲಿ ಇಂಥ ನಂಬರಿನ ಬಾಕ್ಸಿನಿಂದ ಆ ಬೆದರಿಕೆ ಹೋಗಿದೆ, ಶುಕ್ರವಾರ ಬೆಳಗ್ಗೆ ಪೊಲೀಸ್ ಠಾಣೆಗೆ ಹಾಜರಾಗತಕ್ಕದ್ದು ಎಂದು ಮುಗಿಯುತ್ತದೆ. ಟಾರ್ಗೆಟ್ ಸಾಹೇಬರಿಗೆ ಫೋನು ಮಾಡಿದೆ. "ನಾನು ಯಾವತ್ತಮ್ಮ ಹಾಗೆ ಹೇಳಿದ್ದೆ?" ಎಂದರು, ಆಮೇಲೆ ಫೋನು ಸ್ವಿಚ್ ಆಫ್.

ಡ್ರಾಯರಿನಿಂದ ಪುಸ್ತಕ ತೆಗೆದು ನಂಬರು ನೋಡಿದೆ. ಹದಿನೇಳನೆಯ ಪುಟ. ಅಲ್ಲಿ ಖಾಕಿ ಚಿಂದಿ ಇತ್ತು. ಅದು ಒಬ್ಬನದೇ ಪ್ಯಾಂಟಿನದು, ಆ ಶಾಲೆಯ ಬಸ್ಸಿನ ಹಳೆಯ ಡ್ರೈವರನದು. ಮಕ್ಕಳ ಮೇಲೆ ಕೈ ಮಾಡಿದನೆಂದು ಎರಡು ತಿಂಗಳ ಹಿಂದೆ ಅವನನ್ನು ಕೆಲಸದಿಂದ ತೆಗೆದರು, ಆಗ ಗೋದಾಮಿನ ಕೋಣೆಗೆ ಬಂದ. ಕೂಡಲೇ ಕಂಬದ ಹತ್ತಿರ ಓಡಿದೆ. ಅವನ ತಂತಿಯಲ್ಲಿ ಚಿಂದಿ ಇಲ್ಲ ಅಣ್ಣಾ. ಬ್ಲೇಡಿನಲ್ಲಿ ಕತ್ತರಿಸಿದ ಗಂಟು ಮಾತ್ರ ಇದೆ. ಸೋಮವಾರ ಸಂಜೆಯಿಂದ ಅವನ ಲೈನು ಸತ್ತಿದೆ. ಬಾಕ್ಸನ್ನು ಎಲ್ಲಿ ಎಸೆದನೋ ಯಾರಿಗೆ ಗೊತ್ತು. ಅಂದರೆ ಅದು ಅವನ ಮನೆಯ ಲೈನು ಎನ್ನುವುದಕ್ಕೆ ಈಗ ಉಳಿದಿರುವುದು ನನ್ನ ಪುಸ್ತಕದ ಆ ಒಂದು ಪುಟ ಮಾತ್ರ.

ಇನ್ನೊಂದು ಮಾತಿದೆ. ಇದನ್ನು ಅಮ್ಮನಿಗೂ ಹೇಳಿಲ್ಲ, ನಿನಗಾದರೂ ಹೇಳಲೇಬೇಕು. ಆ ಇಮೇಲ್ ಹೋಗುವ ಹತ್ತು ದಿನ ಮೊದಲು ಆ ಡ್ರೈವರ್ ಅಂಗಡಿಗೆ ಬಂದಿದ್ದ. ತುಂಬಾ ಮರ್ಯಾದೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುವುದು. ಇಂಟರ್‌ನೆಟ್ಟಲ್ಲಿ ಏನಾದರೂ ಕಳಿಸಿದರೆ ಯಾವ ಮನೆಯಿಂದ ಹೋಯಿತು ಅಂತ ಗೊತ್ತಾಗುತ್ತಾ ಎಂದು ಕೇಳಿದ. ನಾನು ದೊಡ್ಡ ಜಾಣೆಯ ಹಾಗೆ ನಕ್ಕು, "ಅಯ್ಯೋ, ನಮ್ಮ ಗೋದಾಮಿನಲ್ಲಿ ಯಾರೇನು ಮಾಡಿದ್ರೂ ನಮ್ಮಮ್ಮನೇ ಮಾಡಿದ ಲೆಕ್ಕ" ಎಂದೆ. ಅವನೂ ನಕ್ಕ. ಇಬ್ಬರೂ ಸೇರಿ ನಕ್ಕೆವು. ಆ ನಗು ಕಿವಿಯಿಂದ ಹೋಗುತ್ತಿಲ್ಲ. ನನ್ನ ನಾಲಿಗೆ ಸುಟ್ಟುಹೋಗಲಿ, ಅವನಿಗೆ ದಾರಿ ತೋರಿಸಿದವಳೇ ನಾನು. ನಿನ್ನೆ ಕಂಬದಿಂದ ಇಳಿದು ಏಣಿ ಹೆಗಲಿಗೆ ಹಾಕುತ್ತಿದ್ದೆ, ಹಿಂದಿನಿಂದ ಏಣಿಯ ಇನ್ನೊಂದು ತುದಿಯನ್ನು ಯಾರೋ ಹಿಡಿದುಕೊಂಡರು. ತಿರುಗಿದರೆ ಅವನು. ಭಾರ ಅಲ್ವಾ, ನಾನು ಹಿಡೀತೀನಿ ಎಂದ. ಅಂಗಡಿಯವರೆಗೂ ಹಾಗೇ ಹಿಡಿದುಕೊಂಡು ಬಂದ. ಬಾಗಿಲಲ್ಲಿ ಏಣಿ ಇಳಿಸಿ, ಮೆಲ್ಲಗೆ, "ಅಮ್ಮ ಹುಷಾರಾಗಿದ್ದಾರಾ? ಎಲ್ಲ ಅವರ ಹೆಸರಲ್ಲೇ ಇದೆ ಅಲ್ವಾ, ಪಾಪ" ಎಂದು ಹೋದ.

ಏನು ಮಾಡಲಿ ಹೇಳು. ಪುಸ್ತಕ ಕೊಟ್ಟರೆ ಅವನು ಸಿಕ್ಕಿಬೀಳುತ್ತಾನೆ, ಅಮ್ಮ ಉಳಿಯುತ್ತಾಳೆ. ಆದರೆ ಉಳಿದ ನಲವತ್ತು ಮನೆಯ ಚಿಂದಿಯೂ ಅದೇ ಪುಸ್ತಕದಲ್ಲಿದೆ. ಪೊಲೀಸರು ಅವರ ಬಾಗಿಲನ್ನೆಲ್ಲ ತಟ್ಟುತ್ತಾರೆ, ಮಾಲೀಕ ಅವರ ಸಾಮಾನು ಬೀದಿಗೆಸೆಯುತ್ತಾನೆ. ನನ್ನನ್ನಂತೂ ಒಳಗೆ ಹಾಕುತ್ತಾರೆ, ಅದು ಇರಲಿ. ಹದಿನೇಳನೆಯ ಪುಟವೊಂದನ್ನೇ ಹರಿದುಕೊಡೋಣ ಎಂದುಕೊಂಡರೆ, ಅವನು ಸುಮ್ಮನಿರುವ ಮನುಷ್ಯನಲ್ಲ. ಅಮ್ಮ ದಿನಾ ಸಂಜೆ ದಾರ ತರಲು ಒಬ್ಬಳೇ ಹೋಗುತ್ತಾಳೆ, ಅದು ಅವನಿಗೆ ಗೊತ್ತು. ಸುಮ್ಮನಿದ್ದರೆ ನಾಳೆ ಬೆಳಗ್ಗೆ ಅರವತ್ತೊಂಬತ್ತರ ಅಮ್ಮ ಠಾಣೆಯ ಬೆಂಚಿನ ಮೇಲೆ ಕೂತು, ಇಮೇಲ್ ಅಂದರೆ ಏನಪ್ಪಾ ಎಂದು ಕೇಳುತ್ತಿರುತ್ತಾಳೆ. ರಾತ್ರಿಯೆಲ್ಲ ಹೀಗೇ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಂತೆ.

ಶಾಲೆಯ ಗಲಾಟೆ ಬಿಟ್ಟರೆ ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ಕಂಪನಿಯ ಕಾಗದವನ್ನು ರೂಟರುಗಳ ಡಬ್ಬದೊಳಗೆ ಬಚ್ಚಿಟ್ಟಿದ್ದೇನೆ. ಆ ಇಮೇಲ್ ಎಲ್ಲಿಂದ ಹೋಯಿತೆಂದು ಪೇಪರಿನಲ್ಲಿ ಓದದಿರಲಿ ಎಂದು ಅವಳ ಕನ್ನಡಕವನ್ನೂ ಅದೇ ಡಬ್ಬಕ್ಕೆ ಹಾಕಿ, ಮೇಲಿನ ಮನೆಯ ಅಟ್ಟಕ್ಕೆ ಏರಿಸಿದೆ. ಪಾಪ, ಕನ್ನಡಕ ಎಲ್ಲಿಟ್ಟೆ, ವಯಸ್ಸಾಯಿತು ನನಗೆ ಎಂದು ನಿನ್ನೆಯಿಂದ ಗೊಣಗುತ್ತಾ ಮನೆಯೆಲ್ಲ ತಡಕುತ್ತಿದ್ದಳು. ನನಗೆ ನಾಚಿಕೆಯಾಯಿತು. ಆದರೂ ಈ ಹೊತ್ತು ಬೆಳಗ್ಗೆ ಎದ್ದಾಗಿನಿಂದ ಅವಳ ಹೊಲಿಗೆ ಮಿಷನ್ನು ನನ್ನ ತಲೆಯ ಮೇಲೆ ಓಡುತ್ತಲೇ ಇದೆ. ಯಾರಿಗೋ ಕೌದಿ ಮುಗಿಸಿಕೊಡಬೇಕಂತೆ. ಕನ್ನಡಕವಿಲ್ಲದೆ ಅದು ಹೇಗೆ ಹೊಲಿಯುತ್ತಾಳೋ, ಅವಳ ಬೆರಳಿಗೇ ಕಣ್ಣಿದೆ.

ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ನೀನು ಸಮುದ್ರದ ತಳದಲ್ಲಿ ಮಲಗಿಸುವ ಆ ಕೇಬಲ್ಲು ಕೊನೆಗೆ ನಮ್ಮ ಕಂಬಕ್ಕೇ ಬಂದು ಸೇರುತ್ತದೆ ಎಂದು ನಾನು ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನಮ್ಮಣ್ಣ ಅಲ್ಲಿ ಹಿಡಿದಿದ್ದಾನೆ, ನಾನು ಇಲ್ಲಿ ಹಿಡಿದಿದ್ದೇನೆ ಎನ್ನುತ್ತಿದ್ದೆ. ಈಗ ಆ ಕಡೆಯಿಂದ ಯಾರೂ ಹಿಡಿದಿಲ್ಲ ಅನ್ನಿಸುತ್ತಿದೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಶುಕ್ರವಾರ ಯಾವಾಗಲೋ ಆಗಿಹೋಗಿರುತ್ತದೆ. ಆದರೂ ಬರೆದೆ, ಯಾರಾದರೂ ಒಬ್ಬರಿಗೆ ನಿಜ ಗೊತ್ತಿರಲಿ ಎಂದು. ಅಂದಹಾಗೆ, ಹೋಗುವ ಮೊದಲು ನೀನು ಹಿಂದುಗಡೆಗೆ ಒಂದು ಮೆಟ್ಟಿಲು ಕಟ್ಟಿಸಬೇಕು ಎನ್ನುತ್ತಿದ್ದೆಯಲ್ಲ, ಅದು ಹಾಗೇ ಉಳಿಯಿತು. ಮೇಲಿನ ಮನೆಯಿಂದ ಇಳಿದರೆ ಈಗಲೂ ಅಂಗಡಿಯ ಮುಂದಿನ ಬೀದಿಗೇ ಬರಬೇಕು.

ಮಿಷನ್ನಿನ ಸದ್ದು ನಿಂತು ತುಂಬಾ ಹೊತ್ತಾಯಿತು. ಬರೆಯುವ ಭರದಲ್ಲಿ ಗಮನಿಸಲೇ ಇಲ್ಲ. ಊಟಕ್ಕೆ ಕರೆಯುತ್ತಾಳೆ ಎಂದು ಕಾದೆ, ಕರೆಯಲಿಲ್ಲ. ಲಕೋಟೆ ಮೇಲಿನ ಮನೆಯಲ್ಲೇ ಇದೆ, ಹೋಗಿ ತರುತ್ತೇನೆ. ನೀನು ಹುಷಾರು. ಡೆಕ್ಕಿನ ಅಂಚಿಗೆ ಹೋಗಬೇಡ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ ಎಂದು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ, ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು.

ನೀನೇ ಹೆಸರಿಟ್ಟ,
ಏಣಿಪುಟ್ಟಿ

ಮರೆತದ್ದಲ್ಲ, ಈಗ ಆದದ್ದು: ಅಣ್ಣಾ, ಅಮ್ಮ ಮನೆಯಲ್ಲಿಲ್ಲ. ನಾನು ತಲೆತಗ್ಗಿಸಿ ಬರೆಯುತ್ತಿದ್ದಾಗ ಅಂಗಡಿಯ ಮುಂದೆಯೇ ಹೋಗಿರಬೇಕು. ಡಬ್ಬ ಅಟ್ಟದಿಂದ ಇಳಿದಿದೆ. ಕನ್ನಡಕವೂ ಇಲ್ಲ, ಕಂಪನಿಯ ಕಾಗದವೂ ಇಲ್ಲ. ಪುಸ್ತಕ ಮಿಷನ್ನಿನ ಮೇಲೆ ತೆರೆದು ಬಿದ್ದಿದೆ, ಪುಟಗಳಲ್ಲಿ ಪಿನ್ನುಗಳು ಮಾತ್ರ ಇವೆ. ನಲವತ್ತೊಂದು ಚಿಂದಿಯನ್ನೂ ಬಿಚ್ಚಿ ಕೌದಿಗೆ ಸೇರಿಸಿ ಹೊಲಿದುಬಿಟ್ಟಿದ್ದಾಳೆ, ನೀಲಿ ಕೋಟು, ಏಪ್ರನ್ನು, ಖಾಕಿ, ಎಲ್ಲ. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳೆ: ಊಟ ಮುಚ್ಚಿಟ್ಟಿದ್ದೇನೆ, ನಲವತ್ತೊಂದೂ ನನ್ನದೇ ಅಂತ ಹೇಳಿ ಬರ್ತೀನಿ, ನೀನು ಬರಬೇಡ. ನಾಳೆ ಹೋಗಬೇಕಾದಲ್ಲಿಗೆ ಒಂದು ದಿನ ಮೊದಲೇ ಹೋಗುವುದು ಅವಳ ಹಳೆಯ ಚಾಳಿ. ಎಲ್ಲರನ್ನೂ ಕಾಪಾಡಿದೆ ಎಂದುಕೊಂಡಿದ್ದಾಳೆ. ಅವನನ್ನೂ ಕಾಪಾಡಿದಳು ಎಂದು ಅವಳಿಗೆ ಗೊತ್ತಿಲ್ಲ, ಬಾಕ್ಸಿನ ನಂಬರು ಅವಳಿಗೆ ಅರ್ಥವಾಗದು, ನಾನೂ ಹೇಳಲಿಲ್ಲವಲ್ಲ. ಖಾಕಿ ತುಂಡನ್ನು ಕೌದಿಯಿಂದ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಿದ್ದೇನೆ. ಪುಟದಿಂದ ಬಿಚ್ಚಿದ ಮೇಲೆ ಇದನ್ನು ಯಾರು ನಂಬುತ್ತಾರೋ, ಬಾಯಿಬಿಟ್ಟು ನಾನೇ ಹೇಳಬೇಕು. ಠಾಣೆಗೆ ಹೊರಟೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ಕಿಟಕಿಯಿಂದ ನೋಡಿದೆ. ಮೆಟ್ಟಿಲ ಕೆಳಗೆ ಅವನು ನಿಂತಿದ್ದಾನೆ, ಅಮ್ಮ ಮೋಟು ಮಾಡಿಕೊಟ್ಟ ಅದೇ ಖಾಕಿ ಪ್ಯಾಂಟಿನಲ್ಲಿ. ಚಪ್ಪಲಿ ಬಿಡುತ್ತಿದ್ದಾನೆ.